ಸಿಗಡಿಯ ನೀಲಿ ರಕ್ತ: ಭಾರಲೋಹ ಮತ್ತು ರೋಗನಿರೋಧಕ ಶಕ್ತಿಯ ಒಂದು ಚರಿತ್ರೆ

ಕಳೆದ ಯುಗಾದಿಯ ಊಟದ ಹೊತ್ತಿನಲ್ಲಿ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ನನ್ನ ಪಕ್ಕ ಬಂದು ಕೂತು ಕೇಳಿದರು: "ಡಾಕ್ಟ್ರೇ, ಸಿಗಡಿ ತಿನ್ನಬಹುದಾ? ಅದರಲ್ಲಿ ಪಾದರಸ ಇರುತ್ತಂತೆ. ಮಗಳು ಈಗ ಬಸುರಿ. ಸಿಗಡಿ ಮನೆಗೆ ತರೋದೇ ಬೇಡ ಅಂತಾಳೆ." ನಿವೃತ್ತನಾದರೂ ಇಂಥ ಪ್ರಶ್ನೆಗಳಿಂದ ವೈದ್ಯನಿಗೆ ಬಿಡುಗಡೆಯಿಲ್ಲ. ಆ ದಿನ ಚಿಕ್ಕದಾಗಿ ಉತ್ತರಿಸಿದೆ. ಮನೆಗೆ ಬಂದ ಮೇಲೆ, ಅವರ ಪ್ರಶ್ನೆಗೆ ಇನ್ನೊಂದು ಮುಖ ಇದೆ ಅನ್ನಿಸಿತು. ಲೋಹ ಬೆರೆತ ನೀರಿನಲ್ಲಿ ಬದುಕುವ ಸಿಗಡಿ ನಮಗೆ ಏನು ಮಾಡುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ಆ ನೀರು ಸಿಗಡಿಗೆ ಏನು ಮಾಡುತ್ತದೆ ಎಂದು ಕೇಳಿದವರು ಎಷ್ಟು ಜನ? ಆ ಎರಡನೆಯ ಪ್ರಶ್ನೆಗೆ ಸುಮಾರು ನೂರ ನಲವತ್ತು ವರ್ಷಗಳ ಚರಿತ್ರೆ ಇದೆ. ಅದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ನನ್ನ ಊರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವಲ್ಲಿ. ಅಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟರೆ ತಾನಾಗಿ ಬಂದು ಸೇರುವ ಮೀನು, ಸಿಗಡಿ. ಕೊಂಕಣಿಯವರ ಸುಂಗಟ, ತುಳುವರ ಎಟ್ಟಿ. ಯಾರೂ ಮೇವು ಹಾಕುತ್ತಿರಲಿಲ್ಲ, ಔಷಧಿ ಹಾಕುತ್ತಿರಲಿಲ್ಲ. ಅಜ್ಜಿ ಸಿಗಡಿ ಸುಲಿಯಲು ಕೂತಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದ ನನಗೆ ಒಂದು ಆಶ್ಚರ್ಯವಿತ್ತು: ಇದಕ್ಕೆ ರಕ್ತವೇ ಇಲ್ಲವಲ್ಲ! ರಕ್ತ ಇದೆ, ಆದರೆ ಅದು ಕೆಂಪಲ್ಲ ಎಂದು ಗೊತ್ತಾದದ್ದು ವೈದ್ಯಕೀಯ ಓದಿದ ಎಷ್ಟೋ ವರ್ಷಗಳ ನಂತರ.

ನೀಲಿ ರಕ್ತ, ತಾಮ್ರದ ರಕ್ತ

ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ ಇರುವ ಹಿಮೋಗ್ಲೋಬಿನ್. ಸಿಗಡಿಯಲ್ಲಿ ಆ ಕೆಲಸ ಮಾಡುವುದು ತಾಮ್ರ ಇರುವ ಹೀಮೋಸಯನಿನ್. ಆಮ್ಲಜನಕ ಸೇರಿದಾಗ ಅದಕ್ಕೆ ತಿಳಿನೀಲಿ ಬಣ್ಣ. ಹಾಗಾಗಿ ಸಿಗಡಿಗೆ ತಾಮ್ರ ಬೇಕೇ ಬೇಕು. ಸತುವೂ ಬೇಕು. ಆದರೆ ಬೇಕಾದದ್ದಕ್ಕಿಂತ ಹೆಚ್ಚಾದರೆ ಅದೇ ತಾಮ್ರ ವಿಷ. ಕ್ಯಾಡ್ಮಿಯಂ, ಪಾದರಸ, ಸೀಸಗಳಿಂದ ಅದಕ್ಕೆ ಯಾವ ಉಪಯೋಗವೂ ಇಲ್ಲ. ಆದರೂ ಅವು ಕಿವಿರುಗಳ ಮೂಲಕ, ಆಹಾರದ ಮೂಲಕ ಒಳಗೆ ಬರುತ್ತವೆ. ಜೀವಕೋಶದ ಬಾಗಿಲುಗಳು ಸತು, ಕ್ಯಾಲ್ಸಿಯಂಗಳಿಗೆಂದು ಇರುವಂಥವು. ವೇಷ ಮರೆಸಿಕೊಂಡ ಅತಿಥಿಯ ಹಾಗೆ ಕ್ಯಾಡ್ಮಿಯಂ ಅದೇ ಬಾಗಿಲಲ್ಲಿ ನುಸುಳುತ್ತದೆ.

ಇನ್ನೊಂದು ಮುಖ್ಯ ವಿಷಯ. ಸಿಗಡಿಗೆ ನಮ್ಮಂಥ ಆಂಟಿಬಾಡಿಗಳಿಲ್ಲ. ನಮಗೆ ಒಮ್ಮೆ ದಡಾರ ಬಂದರೆ ದೇಹ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಲಸಿಕೆಯ ತತ್ವವೂ ಅದೇ. ಅಂಥ ಪಕ್ಕಾ ನೆನಪಿನ ವ್ಯವಸ್ಥೆ ಸಿಗಡಿಗೆ ಇಲ್ಲ. ಹುಟ್ಟಿನಿಂದ ಬಂದ ರಕ್ಷಣೆಯೇ ಅದರ ಇಡೀ ಸೈನ್ಯ. ಆ ಸೈನ್ಯ ಬಳಲಿದರೆ ಹಿಂದೆ ಇನ್ನೊಂದು ಪಡೆ ಇಲ್ಲ.

ಗುಲಾಬಿ ಮುಳ್ಳಿನಿಂದ ಶುರುವಾದ ಶಾಸ್ತ್ರ

ಈ ಸೈನ್ಯವನ್ನು ಮೊದಲು ಕಂಡವರು ರಷ್ಯಾದ ಎಲಿ ಮೆಚ್ನಿಕಾಫ್. 1882ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ಅವರು ಪಾರದರ್ಶಕವಾದ ನಕ್ಷತ್ರಮೀನಿನ ಮರಿಯೊಳಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ಬೆಳಿಗ್ಗೆ ನೋಡಿದರೆ ಅಲೆದಾಡುವ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ಎರಡು ವರ್ಷಗಳ ನಂತರ ಅವರು ಪ್ರಕಟಿಸಿದ ಕೆಲಸ ನಮ್ಮ ಕಥೆಗೆ ಇನ್ನೂ ಹತ್ತಿರದ್ದು. ಅದು ಡಾಫ್ನಿಯಾ ಎಂಬ ನೀರುಚಿಗಟದ ಮೇಲಿನದು. ಈ ಪುಟ್ಟ ಜೀವಿ ಸಿಗಡಿ, ಏಡಿಗಳ ಬಳಗಕ್ಕೇ ಸೇರಿದ್ದು. ಅದರ ದೇಹ ಹೊಕ್ಕ ಯೀಸ್ಟ್ ಬೀಜಗಳನ್ನು ರಕ್ತಕೋಶಗಳು ನುಂಗುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಕೋಶಗಳು ಗೆದ್ದರೆ ಜೀವಿ ಉಳಿಯಿತು, ಯೀಸ್ಟ್ ಗೆದ್ದರೆ ಸತ್ತಿತು. 1908ರಲ್ಲಿ ಅವರಿಗೆ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು. ನಾವು ವೈದ್ಯರು ಕಲಿತ ರೋಗನಿರೋಧಕ ಶಾಸ್ತ್ರದ ಒಂದು ಬೇರು ಹೀಗೆ ಸಿಗಡಿಯ ದಾಯಾದಿಯೊಬ್ಬನಲ್ಲಿದೆ.

ಆಮೇಲಿನ ಹೆಜ್ಜೆ ನಾವಿರುವ ಈ ಅಮೆರಿಕದ ಪೂರ್ವ ಕರಾವಳಿಯದೇ. ಮೇ, ಜೂನ್ ತಿಂಗಳ ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ಡೆಲವೇರ್ ಕೊಲ್ಲಿಗೆ ಹೋದವರು ಮರಳ ಮೇಲೆ ಮೊಟ್ಟೆಯಿಡಲು ಬರುವ ಕುದುರೆಲಾಳದ ಏಡಿಗಳನ್ನು ನೋಡಿರುತ್ತೀರಿ. ಹೆಸರಿಗೆ ಏಡಿ, ನಿಜದಲ್ಲಿ ಜೇಡಕ್ಕೆ ಹತ್ತಿರದ ಪ್ರಾಣಿ. ರಕ್ತ ಮಾತ್ರ ಸಿಗಡಿಯದರಂತೆಯೇ ನೀಲಿ. ಜಾನ್ಸ್ ಹಾಪ್ಕಿನ್ಸ್‌ನ ಫ್ರೆಡರಿಕ್ ಬ್ಯಾಂಗ್ 1956ರಲ್ಲಿ ಕೆಲವು ಬ್ಯಾಕ್ಟೀರಿಯಾ ಸೋಕಿದರೆ ಆ ರಕ್ತ ಹೆಪ್ಪುಗಟ್ಟುತ್ತದೆ ಎಂದು ವರದಿ ಮಾಡಿದರು. 1964ರಲ್ಲಿ ಅವರೂ ಜ್ಯಾಕ್ ಲೆವಿನ್ ಅವರೂ ಅದಕ್ಕೆ ಕಾರಣ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂದು ತೋರಿಸಿದರು. ನಾವು ಆಸ್ಪತ್ರೆಯಲ್ಲಿ ರೋಗಿಯ ನರಕ್ಕೆ ಹಾಕಿದ ಎಷ್ಟೋ ಔಷಧಗಳು ಮೊದಲು ಈ ರಕ್ತದ ಪರೀಕ್ಷೆ ದಾಟಿ ಬಂದವು.

ಸ್ವೀಡನ್ನಿನಲ್ಲಿ ಸಿಹಿನೀರಿನ ಕ್ರೇಫಿಶ್‌ಗಳು 1907ರಿಂದ ಒಂದು ಶಿಲೀಂಧ್ರದಂಥ ರೋಗಾಣುವಿನಿಂದ ಸಾಯುತ್ತಾ ಬಂದಿದ್ದವು. ಉಪ್ಸಾಲಾದಲ್ಲಿ ಟೋರ್ನಿ ಉನೆಸ್ಟಾಮ್ ಮತ್ತು ಕೆನೆತ್ ಸೋಡರ್‌ಹಾಲ್ 1977ರಲ್ಲಿ, ಜೀವಂತ ರೋಗಾಣು ಬೇಕಿಲ್ಲ, ಅದರ ಗೋಡೆಯ ಚೂರು ಸಾಕು, ಕ್ರೇಫಿಶ್ ಎಚ್ಚೆತ್ತುಕೊಳ್ಳುತ್ತದೆ ಎಂದು ತೋರಿಸಿದರು. ಆ ಎಚ್ಚರದ ಒಂದು ದಾರಿ ಪ್ರೊಫಿನಾಲ್‌ಆಕ್ಸಿಡೇಸ್ ಎಂಬ ಕಿಣ್ವದ್ದು. ಹೆಸರು ದೊಡ್ಡದು, ಕೆಲಸ ನಮ್ಮ ಅಡುಗೆಮನೆಯಲ್ಲೇ ಕಂಡದ್ದು. ಹೆಚ್ಚಿಟ್ಟ ಬದನೆಕಾಯಿ, ಬಾಳೆಕಾಯಿ ಕಪ್ಪಾಗುತ್ತದಲ್ಲ, ಅದೇ ಬಗೆಯ ರಸಾಯನ. ಸಿಗಡಿಯ ಗಾಯದಲ್ಲಿ ಅದು ರೋಗಾಣುವನ್ನು ಕಪ್ಪು ಮೆಲನಿನ್‌ನಲ್ಲಿ ಹೂತುಬಿಡುತ್ತದೆ. ಮಾರುಕಟ್ಟೆಯಲ್ಲಿ ತಡವಾದ ಸಿಗಡಿಯ ಮೇಲಿನ ಕರಿ ಚುಕ್ಕೆಯೂ ಅದೇ ಕಿಣ್ವದ ಕೆಲಸ. ಈ ಕಿಣ್ವದ ಹೃದಯದಲ್ಲಿರುವುದೂ ತಾಮ್ರವೇ.

ಜೀನ್‌ಗಳು ಬಂದವು

ನಾನು ವೈದ್ಯಕೀಯ ಓದುತ್ತಿದ್ದಾಗ ಹುಟ್ಟಿನಿಂದ ಬರುವ ನಿರೋಧಕ ಶಕ್ತಿಗೆ ಪಠ್ಯಪುಸ್ತಕದಲ್ಲಿ ಒಂದೆರಡು ಪುಟ. ಉಳಿದದ್ದೆಲ್ಲ ಆಂಟಿಬಾಡಿಗಳದ್ದು. ಅದನ್ನು ತಿರುಗಿಸಿದ್ದು ಹಣ್ಣಿನ ನೊಣ. ನೊಣದ ಭ್ರೂಣಕ್ಕೆ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ನಿರ್ಧರಿಸುವ ಟೋಲ್ ಎಂಬ ಜೀನ್ ಇದೆ. 1996ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ ಇದೇ ಜೀನ್ ಬೆಳೆದ ನೊಣವನ್ನು ಶಿಲೀಂಧ್ರದಿಂದ ಕಾಯುತ್ತದೆ ಎಂದು ತೋರಿಸಿತು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಅವರ ತಂಡ ಸಸ್ತನಿಗಳಲ್ಲಿ ಎಂಡೋಟಾಕ್ಸಿನ್ ಗುರುತಿಸುವುದೂ ಟೋಲ್‌ನದೇ ಬಂಧು ಎಂದು ಕಂಡಿತು. 2011ರ ನೊಬೆಲ್ ಪ್ರಶಸ್ತಿಯಲ್ಲಿ ಈ ಇಬ್ಬರಿಗೂ ಪಾಲು ಬಂತು. ಸಿಗಡಿಯಲ್ಲೂ ಟೋಲ್ ಸಿಕ್ಕಿತು. 1997ರಲ್ಲಿ ಫ್ರಾನ್ಸಿನ ಸಂಶೋಧಕರು ಬಿಳಿ ಸಿಗಡಿಯ ರಕ್ತದಿಂದ ಪಿನೆಯಿಡಿನ್ ಎಂಬ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳನ್ನು ಬೇರ್ಪಡಿಸಿದರು. 2019ರಲ್ಲಿ ಚೀನಾದ ವಿಜ್ಞಾನಿಗಳು ಅದೇ ಸಿಗಡಿಯ ಜೀನೋಮ್ ಪ್ರಕಟಿಸಿದಾಗ 25 ಸಾವಿರಕ್ಕೂ ಹೆಚ್ಚು ಜೀನ್‌ಗಳು ಎಣಿಕೆಗೆ ಸಿಕ್ಕವು.

ಈ ಆಸಕ್ತಿಗೆ ಶುದ್ಧ ಜ್ಞಾನದಾಹವೊಂದೇ ಕಾರಣವಲ್ಲ, ಹಣವೂ ಹೌದು. ಸಿಗಡಿ ಸಾಕಣೆಯಲ್ಲಿ ಲೋಕಕ್ಕೇ ಮುಂದಿದ್ದ ತೈವಾನ್ 1988ರಲ್ಲಿ ಒಮ್ಮೆಲೇ ಕುಸಿಯಿತು. ರೋಗ, ಕೊಳಕು ನೀರು, ಒತ್ತೊತ್ತಾದ ಸಾಕಣೆ ಎಲ್ಲವೂ ಸೇರಿದ್ದವು. 1992-93ರಿಂದ ಪೂರ್ವ ಏಷ್ಯಾದಲ್ಲಿ ಬಿಳಿಚುಕ್ಕೆ ವೈರಸ್ ಹರಡಿ ಭಾರತವನ್ನೂ ಮುಟ್ಟಿತು. ನಮ್ಮ ಪಶ್ಚಿಮ ಕರಾವಳಿಯ ಸಿಗಡಿಗಳಲ್ಲಿ ಈ ರೋಗದ ಬಗ್ಗೆ 1997ರಲ್ಲಿ ಬರೆದವರು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು. ಸಾಲ ಮಾಡಿ ಹೊಂಡ ತೋಡಿಸಿದವರು ಬೆಳಗಾಗುವಷ್ಟರಲ್ಲಿ ಸತ್ತ ಸಿಗಡಿಯನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದ್ದನ್ನು ಊರಿಗೆ ಹೋದಾಗ ಕೇಳಿದ್ದೇನೆ. ವೈರಸ್ ಎಲ್ಲ ಹೊಂಡಕ್ಕೂ ಬರಬಹುದು, ಕೆಲವು ಹೊಂಡ ಮಾತ್ರ ಏಕೆ ಬೇಗ ಸಾಯುತ್ತವೆ ಎಂಬ ಪ್ರಶ್ನೆ ಎದ್ದಾಗ ವಿಜ್ಞಾನಿಗಳ ಕಣ್ಣು ನೀರಿನ ಕಡೆಗೆ ಹೊರಳಿತು.

ಲೋಹದ ಕಡೆಯಿಂದ ಬಂದ ಕಥೆ

ಲೋಹದ ಚರಿತ್ರೆ ಬೇರೆ ದಾರಿಯಲ್ಲಿ ಬಂತು, ಅದರಲ್ಲಿ ಕಣ್ಣೀರು ಹೆಚ್ಚು. ಜಪಾನಿನ ಮಿನಾಮಾತಾ ಎಂಬ ಮೀನುಗಾರರ ಊರಿನಲ್ಲಿ ಚಿಸ್ಸೋ ಕಂಪನಿಯ ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ಪಾದರಸ ಬಿಡುತ್ತಿತ್ತು. ಬೆಕ್ಕುಗಳು ಕುಣಿದಂತೆ ಸೆಳೆತ ಬಂದು ಸತ್ತವು. ಬಳಿಕ ಮಕ್ಕಳ ಕೈಕಾಲು ಸ್ವಾಧೀನ ತಪ್ಪಿತು. 1956ರ ಮೇ 1ರಂದು ಕಾರ್ಖಾನೆಯ ಆಸ್ಪತ್ರೆಯ ಮುಖ್ಯಸ್ಥ ಡಾ. ಹಾಜಿಮೆ ಹೊಸೊಕಾವಾ ಈ ಗೊತ್ತಿಲ್ಲದ ಕಾಯಿಲೆಯನ್ನು ಆರೋಗ್ಯ ಇಲಾಖೆಗೆ ತಿಳಿಸಿದರು. 1959ರಲ್ಲಿ ಅವರು ಕಾರ್ಖಾನೆಯ ತ್ಯಾಜ್ಯ ನೀರನ್ನು ಬೆಕ್ಕಿನ ಆಹಾರಕ್ಕೆ ಬೆರೆಸಿ ನೋಡಿದರು. ದಾಖಲೆಯಲ್ಲಿ 400ನೆಯ ಸಂಖ್ಯೆಯ ಆ ಬೆಕ್ಕಿಗೆ ಅಕ್ಟೋಬರಿನಲ್ಲಿ ಅದೇ ರೋಗ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1968ರಲ್ಲಿ. ನಡುವಿನ ಒಂಬತ್ತು ವರ್ಷ ನೀರು ಹರಿಯುತ್ತಲೇ ಇತ್ತು. ಸಂಬಳ ಕೊಡುವವರ ಆಸ್ಪತ್ರೆಯಲ್ಲಿ ಕೂತು, ಸಂಬಳ ಕೊಡುವವರ ವಿರುದ್ಧದ ಸಾಕ್ಷ್ಯವನ್ನು ಕೈಯಲ್ಲಿ ಹಿಡಿದ ಆ ವೈದ್ಯರ ಸ್ಥಿತಿಯನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಾಗ, 1970ರಲ್ಲಿ, ಅವರು ನ್ಯಾಯಾಲಯಕ್ಕೆ ಸಾಕ್ಷಿ ನುಡಿದರು. ಅದೇ ಊರಿನ ಹೆಸರಿನ ಅಂತರರಾಷ್ಟ್ರೀಯ ಪಾದರಸ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು.

ಪ್ರಯೋಗಾಲಯದಲ್ಲಿ ಇನ್ನೊಂದು ಎಳೆ. 1957ರಲ್ಲಿ ಹಾರ್ವರ್ಡ್‌ನಲ್ಲಿ ಮಾರ್ವಿನ್ ಮಾರ್ಗೋಶಸ್ ಮತ್ತು ಬರ್ಟ್ ವ್ಯಾಲಿ ಕುದುರೆಯ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಹಿಡಿದಿಟ್ಟುಕೊಂಡ ಒಂದು ಪ್ರೋಟೀನ್ ಕಂಡರು. ಮುಂದೆ ಅದಕ್ಕೆ ಮೆಟಾಲೋಥಯೊನಿನ್ ಎಂಬ ಹೆಸರು ಬಂತು. ಗಂಧಕ ತುಂಬಿದ ಈ ಪುಟ್ಟ ಪ್ರೋಟೀನ್ ಲೋಹದ ಕಣಗಳನ್ನು ಕಟ್ಟಿಹಾಕುತ್ತದೆ. ಲೋಹ ಹೆಚ್ಚಾದಾಗ ಅದನ್ನು ತಯಾರಿಸುವ ಜೀನ್ ತೆರೆದುಕೊಳ್ಳುತ್ತದೆ. ಮನುಷ್ಯರಿಂದ ಹಿಡಿದು ಏಡಿ, ಸಿಗಡಿಗಳ ತನಕ ಈ ಏರ್ಪಾಡು ಇದೆ. ಸಿಗಡಿಯಲ್ಲಿ ಈ ಕೆಲಸದ ಮುಖ್ಯ ಜಾಗ ತಲೆಯೊಳಗಿನ ಕಂದು ಗ್ರಂಥಿ, ನಮ್ಮ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿ ಎರಡರ ಕೆಲಸವನ್ನೂ ಮಾಡುವಂಥದ್ದು.

ಎರಡು ಕಥೆ ಕೂಡಿದ್ದು

ನಿರೋಧಕ ಶಕ್ತಿಯ ಕಥೆಯೂ ಲೋಹದ ಕಥೆಯೂ ಕೂಡಿದ್ದು ಇತ್ತೀಚಿನ ಮೂರು ದಶಕಗಳಲ್ಲಿ. ಪ್ರಯೋಗದ ರೀತಿ ಸರಳ. ಸಿಗಡಿಗಳನ್ನು ಗೊತ್ತಾದ ಪ್ರಮಾಣದ ತಾಮ್ರ ಅಥವಾ ಕ್ಯಾಡ್ಮಿಯಂ ಇರುವ ನೀರಿನಲ್ಲಿ ಬಿಡುವುದು, ಗಂಟೆ, ದಿನಗಳ ಲೆಕ್ಕದಲ್ಲಿ ರಕ್ತ ತೆಗೆದು ನೋಡುವುದು. 2004ರಲ್ಲಿ ತೈವಾನಿನ ಸಂಶೋಧಕರು ತಾಮ್ರದ ಸಲ್ಫೇಟ್ ಇದ್ದ ನೀರಿನಲ್ಲಿ ಬಿಳಿ ಸಿಗಡಿಯನ್ನಿಟ್ಟು ವಿಬ್ರಿಯೋ ಬ್ಯಾಕ್ಟೀರಿಯಾ ಚುಚ್ಚಿದರು. ವಿಬ್ರಿಯೋ ಎಂದರೆ ನಮ್ಮ ಕಾಲರಾ ರೋಗಾಣುವಿನ ಕುಲ. ತಾಮ್ರದ ನೀರಿನಲ್ಲಿದ್ದ ಸಿಗಡಿಗಳೇ ಹೆಚ್ಚು ಸತ್ತವು. ಅವುಗಳ ರಕ್ತಕೋಶಗಳು ರೋಗಾಣು ನುಂಗುವ ಶಕ್ತಿಯನ್ನು ಕಳೆದುಕೊಂಡಿದ್ದವು. ತಾಮ್ರದ ಸಲ್ಫೇಟ್ ಎಂದರೆ ನಮ್ಮೂರಿನ ಮೈಲುತುತ್ತ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮುಖ್ಯ ವಸ್ತು. ಪಾಚಿ ಕೊಲ್ಲಲು ಸಾಕಣೆ ಹೊಂಡಗಳಿಗೂ ಇದನ್ನು ಹಾಕುತ್ತಾರೆ. ರೋಗ ಬಾರದಿರಲಿ ಎಂದು ಹಾಕಿದ್ದೇ ರೋಗಕ್ಕೆ ಬಾಗಿಲು ತೆರೆಯಬಹುದು ಎಂದಾಯಿತು.

ಇದೇ ಕಾಲದಲ್ಲಿ ರಿಯಲ್ ಟೈಮ್ ಪಿಸಿಆರ್ ಅಗ್ಗವಾಗುತ್ತಾ ಬಂತು. ಕೋವಿಡ್ ಕಾಲದಲ್ಲಿ ನಾವೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಪರೀಕ್ಷೆಯೇ ಇದು. ಒಂದು ಜೀನ್ ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಎಂದು ಇದರಿಂದ ಅಳೆಯಬಹುದು. ಹೀಗೆ ಅಳೆದ ಹಲವು ಅಧ್ಯಯನಗಳಲ್ಲಿ ಒಂದು ಬಗೆ ಮತ್ತೆ ಮತ್ತೆ ಕಾಣುತ್ತದೆ. ಲೋಹ ಸೋಕಿದ ಮೊದಲ ಗಂಟೆಗಳಲ್ಲಿ ಜೀನ್‌ಗಳು ಏರುತ್ತವೆ: ಮೆಟಾಲೋಥಯೊನಿನ್, ಪ್ರೋಟೀನ್‌ಗಳ ಆಕಾರ ಕಾಯುವ ಹೀಟ್‌ಶಾಕ್ ಪ್ರೋಟೀನ್‌ಗಳು, ಆಕ್ಸಿಡೀಕರಣದ ಹಾನಿ ತಡೆಯುವ ಕಿಣ್ವಗಳು, ಎಷ್ಟೋ ಸಲ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳೂ. ಲೋಹದ ಪ್ರಮಾಣ ಹೆಚ್ಚಾಗಿದ್ದರೆ ಅಥವಾ ದಿನಗಳು ಉರುಳಿದರೆ ಅವುಗಳಲ್ಲಿ ಹಲವು ಇಳಿಯುತ್ತವೆ, ಕೆಲವೊಮ್ಮೆ ಆರೋಗ್ಯವಂತ ಸಿಗಡಿಯ ಮಟ್ಟಕ್ಕಿಂತಲೂ ಕೆಳಗೆ. ರಕ್ತಕೋಶಗಳ ಸಂಖ್ಯೆಯೂ ಕುಸಿಯುತ್ತದೆ.

ಕಾರಣವನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ರೋಗಾಣುವನ್ನು ಕೊಲ್ಲಲು ರಕ್ತಕೋಶಗಳು ಉಗ್ರ ಆಮ್ಲಜನಕದ ಕಣಗಳನ್ನು ಬಳಸುತ್ತವೆ. ಲೋಹಗಳೂ ಕೋಶದೊಳಗೆ ಅದೇ ಕಣಗಳನ್ನು ಹೆಚ್ಚಿಸುತ್ತವೆ. ಶತ್ರು ಇಲ್ಲದೆಯೇ ಮದ್ದಿನಮನೆಗೆ ಬೆಂಕಿ ಬಿದ್ದಂತೆ. ಮೊದಮೊದಲು ಅದನ್ನು ಯುದ್ಧದ ಕರೆ ಎಂದೇ ತಿಳಿದು ನಿರೋಧಕ ಜೀನ್‌ಗಳು ಎದ್ದು ನಿಲ್ಲುತ್ತವೆ. ನಂತರ ಬೆಂಕಿ ಆರಿಸುವುದಕ್ಕೇ ದೇಹದ ಶಕ್ತಿಯೆಲ್ಲ ಖರ್ಚಾಗುತ್ತದೆ. ಆ ಹೊತ್ತಿಗೆ ನಿಜವಾದ ಶತ್ರು ಬಂದರೆ ಎದುರಿಸಲು ಯಾರೂ ಉಳಿದಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಜೀನ್ ಏರಿದ್ದನ್ನು ಕಂಡು ಸಿಗಡಿ ಬಲವಾಯಿತು ಎಂದುಕೊಳ್ಳಬಾರದು. ಜ್ವರ ಬಂದವನ ಮೈ ಬಿಸಿಯಾಗಿರುವುದು ಆರೋಗ್ಯದ ಗುರುತಲ್ಲ. ತೀವ್ರ ಸೋಂಕಿನಲ್ಲಿ ಬಿಳಿ ರಕ್ತಕಣ ಮೊದಲು ಏರುತ್ತದೆ. ರೋಗಿ ಹದಗೆಟ್ಟಿರುವಾಗಲೇ ಅದು ಇಳಿಯತೊಡಗಿದರೆ ಅನುಭವಿ ವೈದ್ಯ ಬೆವರುತ್ತಾನೆ. ನಡುವೆ ಒಂದು ದಿನ ಎಣಿಕೆ "ನಾರ್ಮಲ್" ಎಂದೇ ಬಂದಿರುತ್ತದೆ. ಏರುವಾಗ ದಾಟಿದ ನಾರ್ಮಲ್ ಬೇರೆ, ಬೀಳುವಾಗ ದಾಟಿದ ನಾರ್ಮಲ್ ಬೇರೆ. ಸಿಗಡಿಯ ಜೀನ್‌ಗಳಿಗೂ ಇದೇ ಮಾತು. ಪೊರೆ ಕಳಚುವ ಕಾಲ, ನೀರಿನ ಉಪ್ಪು, ಬಿಸಿಲು ಇವೂ ಆ ಜೀನ್‌ಗಳನ್ನು ಏರಿಳಿಸುತ್ತವೆ. ಆದ್ದರಿಂದ ಒಂದೇ ಜೀನ್, ಒಂದೇ ದಿನದ ಅಳತೆ ನಂಬಿ ಹೊಳೆಯ ಬಗ್ಗೆ ತೀರ್ಪು ಕೊಡುವಂತಿಲ್ಲ.

ನನ್ನ ಒಂದು ತಪ್ಪು

ಇದನ್ನು ಬರೆಯುವಾಗ ನೆನಪಾಗುವ ರೋಗಿಯೊಬ್ಬರಿದ್ದಾರೆ. ತೊಂಬತ್ತರ ದಶಕ. ನಮ್ಮ ಕಡೆಯವರೇ, ಮಧ್ಯವಯಸ್ಸು, ಸಕ್ಕರೆ ಕಾಯಿಲೆ. ಹೊಟ್ಟೆನೋವು ಎಂದು ನನ್ನ ಬಳಿ ಮೂರು ಸಲ ಬಂದರು. ಸ್ಕ್ಯಾನ್ ಮಾಡಿಸಿದೆ, ಎಂಡೋಸ್ಕೋಪಿ ಮಾಡಿಸಿದೆ, ಎಲ್ಲ ಸರಿಯಿದೆ. ಸ್ವಲ್ಪ ರಕ್ತಹೀನತೆ ಇತ್ತು. ಕಬ್ಬಿಣದ ಮಾತ್ರೆ ಬರೆದು, "ಚಿಂತೆ ಜಾಸ್ತಿ ಮಾಡ್ಕೋಬೇಡಿ" ಎಂದು ಬೆನ್ನು ತಟ್ಟಿ ಕಳಿಸಿದೆ. ನಾಲ್ಕನೆಯ ಸಲ ಲ್ಯಾಬ್‌ನ ಹುಡುಗಿ ಫೋನ್ ಮಾಡಿ, ಇವರ ಕೆಂಪು ರಕ್ತಕಣಗಳಲ್ಲಿ ನೀಲಿ ಚುಕ್ಕೆಗಳಿವೆ, ಸೀಸದ ಮಟ್ಟ ನೋಡಿದ್ದೀರಾ ಎಂದು ಕೇಳಿದಳು. ನೋಡಿರಲಿಲ್ಲ. ನೋಡಿದಾಗ ಬಹಳ ಹೆಚ್ಚಿತ್ತು. ಊರಿನಿಂದ ತರಿಸಿದ ಸಕ್ಕರೆ ಕಾಯಿಲೆಯ ಗುಳಿಗೆಯಲ್ಲಿ ಸೀಸ ಇತ್ತು. "ಬೇರೆ ಏನಾದರೂ ಔಷಧಿ ತಗೊಳ್ತೀರಾ?" ಎಂದು ನಾನು ಕನ್ನಡದಲ್ಲಿ ಒಮ್ಮೆ ಕೇಳಿದ್ದರೆ ಅವರು ಮೊದಲ ದಿನವೇ ಹೇಳುತ್ತಿದ್ದರು. ಗುಳಿಗೆ ನಿಲ್ಲಿಸಿ, ಲೋಹ ಹೊರಹಾಕುವ ಚಿಕಿತ್ಸೆ ಕೊಟ್ಟ ಮೇಲೆ ಗುಣವಾದರು. ಅವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

2004ರಲ್ಲಿ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು ಎಂಬ ವರದಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಆಯುರ್ವೇದವನ್ನು ಹಳಿಯಲು ಇದನ್ನು ಹೇಳುತ್ತಿಲ್ಲ, ನಮ್ಮ ಮನೆಯ ಕಪಾಟಿನಲ್ಲಿರುವುದನ್ನು ವೈದ್ಯರಿಗೆ ಹೇಳಿ ಎಂದು ಕೇಳಿಕೊಳ್ಳಲು ಹೇಳುತ್ತಿದ್ದೇನೆ. ಸ್ಕ್ಯಾನ್ ಸುಮ್ಮನಿದ್ದಾಗ ರಕ್ತಕಣ ಮಾತಾಡಿತ್ತು. ಸಿಗಡಿಯ ರಕ್ತವನ್ನು ಓದುವವರು ಮಾಡುತ್ತಿರುವುದೂ ಅದನ್ನೇ. ಹೊಳೆಯಲ್ಲಿ ಮೀನು ತೇಲುವ ಮೊದಲೇ, ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತಿರುವಾಗಲೇ, ಒಳಗೆ ಏನಾಗುತ್ತಿದೆ ಎಂದು ಕೇಳುವುದು. ಮಿನಾಮಾತಾದಲ್ಲಿ ಆ ಕೇಳ್ಮೆ ಇರಲಿಲ್ಲ, ಬೆಕ್ಕುಗಳು ಕುಣಿಯುವವರೆಗೆ ಕಾಯಬೇಕಾಯಿತು.

ಕೊನೆಗೆ ಆ ತಾಯಿಯ ಪ್ರಶ್ನೆಗೆ

ಸಿಗಡಿ ತಿನ್ನಬಹುದು. ಪಾದರಸ ಹೆಚ್ಚು ಸೇರುವುದು ಬಹುಕಾಲ ಬದುಕಿ ಬೇರೆ ಮೀನುಗಳನ್ನು ತಿನ್ನುವ ದೊಡ್ಡ ಮೀನುಗಳಲ್ಲಿ. ಅಮೆರಿಕ ಸರ್ಕಾರ ಗರ್ಭಿಣಿಯರಿಗಾಗಿ ಮಾಡಿರುವ ಪಟ್ಟಿಯಲ್ಲಿ ಸಿಗಡಿ ಉತ್ತಮ ಆಯ್ಕೆಗಳ ಸಾಲಿನಲ್ಲಿದೆ. ಶಾರ್ಕ್, ಸ್ವೋರ್ಡ್‌ಫಿಶ್, ನಮ್ಮ ಅಂಜಲ್ ಮೀನಿನ ಹತ್ತಿರದ ಬಂಧುವಾದ ಕಿಂಗ್ ಮ್ಯಾಕೆರಲ್ ಬಿಡಬೇಕಾದವುಗಳ ಸಾಲಿನಲ್ಲಿವೆ. ಕ್ಯಾಡ್ಮಿಯಂ ಹೆಚ್ಚು ನಿಲ್ಲುವುದು ಸಿಗಡಿ, ಏಡಿಗಳ ಕಂದು ಗ್ರಂಥಿಯಲ್ಲಿ. ಸಿಗಡಿಯ ತಲೆ ತೆಗೆದು ಅಡುಗೆ ಮಾಡಿದರೆ ಅದರ ಬಹುಪಾಲು ಹೋಯಿತು. ಯಾವ ಮೀನಾದರೂ ನಿಮ್ಮ ವೈದ್ಯರನ್ನು ಒಮ್ಮೆ ಕೇಳಿಕೊಂಡು, ಮಿತವಾಗಿ, ಚೆನ್ನಾಗಿ ಬೇಯಿಸಿ.

ಅಘನಾಶಿನಿ ಎಂದರೆ ಪಾಪ ಕಳೆಯುವವಳು. ಅವಳ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಓದಿದ ದಿನ ಸಂತೋಷವಾಯಿತು. ನಮ್ಮ ಪಾಪವನ್ನು ಅವಳು ಕಳೆಯಬಲ್ಲಳೇನೋ, ಸೀಸ, ಪಾದರಸಗಳನ್ನು ಕಳೆಯಲಾರಳು. ಲೋಹ ಕೊಳೆಯುವುದಿಲ್ಲ, ಕೆಸರಿನಲ್ಲಿ ಕೂತು ಕಾಯುತ್ತದೆ. ಗಜನಿಯ ಕೆಸರಿನಲ್ಲಿ ಮೇಯುವ ಸಿಗಡಿಗೆ ಅದು ಮೊದಲು ಗೊತ್ತಾಗುತ್ತದೆ. ಈ ಸಲ ಊರಿಗೆ ಹೋದಾಗ ಮಕ್ಕಳು, ಮೊಮ್ಮಕ್ಕಳೊಡನೆ ದಂಡೆಯಲ್ಲಿ ನಿಂತರೆ, ಸಿಗಡಿಯ ಬೆಲೆ ಕೇಳಿದ ಮೇಲೆ ಹೊಳೆಗೆ ಈಗ ಮೇಲಿನಿಂದ ಏನೇನು ಬರುತ್ತಿದೆ ಎಂದೂ ಒಂದು ಮಾತು ಕೇಳಿ. ನಾನು ಆ ರೋಗಿಯನ್ನು ಕೇಳದೆ ಬಿಟ್ಟ ಪ್ರಶ್ನೆಯೂ ಅಷ್ಟೇ ಚಿಕ್ಕದಾಗಿತ್ತು.